ಮನಸ್ಸಿನ ಪುಸ್ತಕಗಳಿಗೆ ಬೇರೆ ಕಪಾಟು ಕೊಡಿ

ಮಾನ್ಯ ಸಂಪಾದಕರೇ,

ಈಗಿನ ಹುಡುಗರು ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನೇ ಜಾಸ್ತಿ ಕೊಳ್ಳುತ್ತಾರೆ, ಕಥೆ ಕಾದಂಬರಿ ಮುಟ್ಟುವುದಿಲ್ಲ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಒಬ್ಬರು ಬೇಸರ ಪಟ್ಟುಕೊಂಡಿದ್ದರು. ನಾನು ತಾಲ್ಲೂಕು ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಾರು ಏನು ಓದಿದರೂ ನನಗೆ ಸಂತೋಷವೇ. ನನ್ನ ತಕರಾರು ಬೇರೆ. ದುಡ್ಡು ಮಾಡುವುದು ಹೇಗೆ, ಗೆಲ್ಲುವುದು ಹೇಗೆ ಎಂಬ ಪುಸ್ತಕಗಳ ಜೊತೆಯಲ್ಲೇ ಖಿನ್ನತೆ, ಆತಂಕ, ಗೀಳಿನ ಬಗ್ಗೆ ವೈದ್ಯರು ಬರೆದ ಪುಸ್ತಕಗಳನ್ನೂ ತುರುಕಿ ಇಟ್ಟಿರುತ್ತಾರಲ್ಲ, ಅದರ ಬಗ್ಗೆ.

ಲೆಕ್ಕಕ್ಕೆ ಇವೆರಡರ ಜಾಗವೇ ಬೇರೆ. ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ವಿಷಯದ ಪ್ರಕಾರ ಅಂಕಿ ಕೊಡುವ ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಬದುಕು ಸುಧಾರಿಸಿಕೊಳ್ಳುವ ಪುಸ್ತಕಗಳಿಗೆ 158. ಮಾನಸಿಕ ಕಾಯಿಲೆ ಮತ್ತು ಅದರ ಚಿಕಿತ್ಸೆಗೆ ವೈದ್ಯಕೀಯದ ಕೆಳಗೆ 616.89. ಆದರೆ ಸಣ್ಣ ಶಾಖೆಗಳಲ್ಲಿ ಇಷ್ಟೆಲ್ಲ ಅಂಕಿ ಹಾಕುತ್ತಾ ಕೂರುವವರು ಯಾರು? ಹೆಸರಿನಲ್ಲಿ 'ಮನಸ್ಸು' ಎಂದಿದ್ದರೆ ಸಾಕು, ಹೋಯಿತು ವ್ಯಕ್ತಿತ್ವ ವಿಕಸನಕ್ಕೆ. ಮಗ ಕಾಲೇಜಿಗೆ ಹೋಗಲ್ಲ, ರೂಮಿನಿಂದ ಹೊರಗೇ ಬರಲ್ಲ ಎಂದು ಹುಡುಕಿಕೊಂಡು ಬಂದ ತಾಯಿಯ ಕೈಗೆ ಮೊದಲು ಸಿಗುವುದು ಮನಸ್ಸಿದ್ದರೆ ಮಾರ್ಗ ಎಂದು ಹೇಳುವ ಪುಸ್ತಕ. ಮನಸ್ಸು ಮಾಡಲು ಆಗದಿರುವುದೇ ಆ ಹುಡುಗನ ಕಾಯಿಲೆ ಇರಬಹುದು, ಅಲ್ವಾ?

ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳಿಗೇನೂ ಬರ ಇಲ್ಲ. 'ಕೊರವಂಜಿ' ಹಾಸ್ಯ ಪತ್ರಿಕೆ ನಡೆಸಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಮನಮಂಥನ' ಬರೆದರು. 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಪುಸ್ತಕಕ್ಕೆ. ಶಿವಮೊಗ್ಗದ ಡಾ. ಅಶೋಕ್ ಪೈ ಮನೋವೈದ್ಯರಾಗಿದ್ದುಕೊಂಡೇ ಕಥೆಗಾರರೂ ಆದರು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಇನ್ನೂರು ದಾಟುತ್ತವೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಎಷ್ಟೋ ಪುಸ್ತಕಗಳು ತೆಳ್ಳಗಿನವು, ಬಸ್ಸಿನಲ್ಲಿ ಕೂತು ಓದಿ ಮುಗಿಸುವಂಥವು. ಹಳ್ಳಿಯವರಿಗೂ ಅರ್ಥವಾಗುವ ಮಾತು. ಬರೆಯುವವರು ತಮ್ಮ ಕೆಲಸ ಮಾಡಿದ್ದಾರೆ. ಓದುವವರ ಕೈಗೆ ತಲುಪಿಸುವ ಕಡೆಯೇ ಎಡವಟ್ಟು.

ಯಾಕೆ ತಲುಪುವುದಿಲ್ಲ ಎಂಬುದನ್ನು ನಾನು ದಿನಾ ಕಂಡವಳು. ಖಿನ್ನತೆಯ ಬಗ್ಗೆ ನಮ್ಮಲ್ಲೊಂದು ಪುಸ್ತಕ ಇತ್ತು. ಹಿಂದಿನ ರಟ್ಟಿಗೆ ಅಂಟಿಸಿದ ತಾರೀಕು ಚೀಟಿಯಲ್ಲಿ ಒಂದೇ ಒಂದು ಮೊಹರು. ಅಂದರೆ ಒಬ್ಬರನ್ನು ಬಿಟ್ಟರೆ ಯಾರೂ ಮನೆಗೆ ಒಯ್ದಿರಲಿಲ್ಲ. ಆದರೆ ರೋಗದ ಲಕ್ಷಣಗಳನ್ನು ಹೇಳುವ ಹಾಳೆಗಳ ಅಂಚು ಬೆರಳು ತಾಗಿ ತಾಗಿ ಕಪ್ಪಗಾಗಿತ್ತು. ಜನ ಕಪಾಟಿನ ಮರೆಯಲ್ಲಿ ನಿಂತೇ ಓದುತ್ತಿದ್ದರು. ಹೆಜ್ಜೆ ಸಪ್ಪಳ ಕೇಳಿದರೆ ಪಟಕ್ಕನೆ ವಾಪಸ್ ಇಟ್ಟು ಪಕ್ಕದ ಪುಸ್ತಕ ತೆಗೆಯುತ್ತಿದ್ದರು. ಕಾರಣ ನನ್ನ ಮೇಜಿನ ಮೇಲಿದ್ದ ರಿಜಿಸ್ಟರ್. ತಾರೀಕು, ಪುಸ್ತಕದ ಹೆಸರು, ಸದಸ್ಯರ ಹೆಸರು, ಸಹಿ. ಮುಂದಿನವರು ಸಹಿ ಹಾಕಲು ಬಗ್ಗಿದರೆ ಮೇಲಿನ ಸಾಲು ಕಣ್ಣಿಗೆ ಬೀಳಲೇಬೇಕು. ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ಹೆಣ್ಣು ನೋಡಲು ಬಂದವರು ಅಕ್ಕಪಕ್ಕದಲ್ಲಿ ವಿಚಾರಿಸಿಕೊಂಡು ಹೋಗುವ ಊರು.

ಒಮ್ಮೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಬಾಗಿಲು ಹಾಕುವ ಹೊತ್ತಿಗೆ ಬಂದು, "ಮೇಡಂ, ಬರೆದುಕೊಳ್ಳದೆ ಕೊಡೋಕಾಗುತ್ತಾ?" ಎಂದು ಕೇಳಿದರು. ಬರೆಯದೆ ಕೊಡಲು ಆಗುವುದಿಲ್ಲ. ಅಕ್ಸೆಷನ್ ನಂಬರ್, ಅಂದರೆ ಗ್ರಂಥಾಲಯ ಆ ಪುಸ್ತಕಕ್ಕೆ ಕೊಟ್ಟ ಸಂಖ್ಯೆ ಮಾತ್ರ ಬರೆದುಕೊಂಡು, ಪುಸ್ತಕದ ಹೆಸರಿನ ಜಾಗದಲ್ಲಿ ಗೆರೆ ಎಳೆದೆ. ಆಮೇಲೆ ಆ ಕಪಾಟಿನ ಪುಸ್ತಕಗಳಿಗೆಲ್ಲ ಹಾಗೇ ಮಾಡಿದೆ. ಆಡಿಟ್‌ಗೆ ಬಂದವರು ಹುಬ್ಬೇರಿಸಿದರು, ನಂಬರ್ ತಾಳೆಯಾದ ಮೇಲೆ ಸುಮ್ಮನಾದರು. ಚೀಟಿಯಲ್ಲಿ ಮೊಹರುಗಳು ಬೀಳತೊಡಗಿದವು.

ಇಂಥ ಪುಸ್ತಕ ಓದಿದರೆ ಏನಾದರೂ ಉಪಯೋಗ ಇದೆಯಾ, ಸುಮ್ನೆ ಸಮಾಧಾನ ಅಷ್ಟೇ ತಾನೇ ಎಂದು ಕೇಳುವವರಿದ್ದಾರೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಗೆ ರೂಪಿಸಿದ, ಯೋಚಿಸುವ ರೀತಿಯನ್ನು ತಿದ್ದಿಕೊಳ್ಳುವ ಚಿಕಿತ್ಸೆಯನ್ನೇ ನೋಡಿ. ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬರೆಯಬೇಕು. ನಡೆದದ್ದು: ಎದುರು ಮನೆಯವರು ಇವತ್ತು ಮಾತಾಡಿಸಲಿಲ್ಲ. ತಲೆಗೆ ಬಂದದ್ದು: ನನ್ನನ್ನು ಕಂಡರೆ ಯಾರಿಗೂ ಆಗಲ್ಲ. ಆದದ್ದು: ಎದೆ ಭಾರ, ಊಟ ಸೇರಲಿಲ್ಲ. ಕೊನೆಗೆ, ಬೇರೆ ಏನಿರಬಹುದು? ಅವರ ಮಗುವಿಗೆ ಜ್ವರ, ಆಸ್ಪತ್ರೆಗೆ ಓಡುತ್ತಿದ್ದರು. ಓದಲು ಸಲೀಸು, ದಿನಾ ಬರೆಯುವುದು ಕಷ್ಟ. ಅದಕ್ಕೇ ಪುಸ್ತಕದ ಜೊತೆಗೆ ಆಗಾಗ 'ಬರೆದಿರಾ?' ಎಂದು ಕೇಳುವ ಒಬ್ಬರು ಬೇಕು. ಸೌಮ್ಯ ಖಿನ್ನತೆಗೆ ಹೀಗೆ ಒಬ್ಬರ ಬೆಂಬಲದೊಂದಿಗೆ ಓದಿ ಅಭ್ಯಾಸ ಮಾಡುವ ಕ್ರಮವನ್ನು ಬ್ರಿಟನ್ನಿನ ಅಧಿಕೃತ ಚಿಕಿತ್ಸಾ ಮಾರ್ಗಸೂಚಿಯೇ ಹೇಳುತ್ತದೆ.

ಆ ದೇಶದಲ್ಲಿ ಗ್ರಂಥಾಲಯವನ್ನೂ ಇದಕ್ಕೆ ಸೇರಿಸಿಕೊಂಡರು. 2003ರಲ್ಲಿ ವೇಲ್ಸ್‌ನ ಕಾರ್ಡಿಫ್ ಊರಿನಲ್ಲಿ ನೀಲ್ ಫ್ರೂಡ್ ಎಂಬ ಮನೋವಿಜ್ಞಾನಿ ಶುರು ಮಾಡಿದ್ದು. ವೈದ್ಯರು ಮಾತ್ರೆ ಬರೆಯುವ ಹಾಗೆ ಚೀಟಿಯಲ್ಲಿ ಪುಸ್ತಕದ ಹೆಸರು ಬರೆಯುತ್ತಾರೆ. ರೋಗಿ ಚೀಟಿ ಹಿಡಿದು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತರುತ್ತಾರೆ. 2005ರಲ್ಲಿ ಇದು ಇಡೀ ವೇಲ್ಸ್‌ಗೆ ಹಬ್ಬಿತು, 2013ರಲ್ಲಿ ಇಂಗ್ಲೆಂಡಿನಲ್ಲೂ ಬಂತು. ಯಾವ ಪುಸ್ತಕ ಇರಬೇಕು ಎಂಬುದನ್ನು ತಿಳಿದವರು ಕೂತು ಆರಿಸುತ್ತಾರೆ.

ನಮ್ಮಲ್ಲಿ ಇದಕ್ಕೆ ಬೇಕಾದದ್ದೆಲ್ಲ ಬಿಡಿಬಿಡಿಯಾಗಿ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಮ್ಮೂರಿನಲ್ಲಿ ಆಸ್ಪತ್ರೆಯಿಂದ ಗ್ರಂಥಾಲಯಕ್ಕೆ ನಡೆದೇ ಹೋಗಬಹುದು. 1965ರ ಗ್ರಂಥಾಲಯ ಕಾಯ್ದೆಯಿಂದಾಗಿ ಆಸ್ತಿ ತೆರಿಗೆಯ ಜೊತೆ ನೀವೂ ನಾನೂ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ, ನೂರಕ್ಕೆ 6 ರೂಪಾಯಿ. ರಸೀದಿ ತೆಗೆದು ನೋಡಿ, ಇರುತ್ತದೆ. ಹಳ್ಳಿಗಳಲ್ಲಿ ಅರಿವು ಕೇಂದ್ರ ಎಂಬ ಹೆಸರಿನ ಪಂಚಾಯಿತಿ ಗ್ರಂಥಾಲಯಗಳಿವೆ. ವೈದ್ಯರ ಚೀಟಿಯೊಂದು ಇವುಗಳ ಮಧ್ಯೆ ಓಡಾಡಿದರೆ ಸಾಕು. ಹೊಸ ಕಟ್ಟಡ, ಉದ್ಘಾಟನೆ, ಫ್ಲೆಕ್ಸ್ ಒಂದೂ ಬೇಡ.

ಪುಸ್ತಕ ಆರಿಸಲು ನನ್ನದೊಂದು ಅಳತೆ ಇದೆ. 'ಇಷ್ಟಾದರೆ ಓದುವುದು ನಿಲ್ಲಿಸಿ, ವೈದ್ಯರ ಹತ್ತಿರ ಹೋಗಿ' ಎಂಬ ಮಾತು ಪುಸ್ತಕದಲ್ಲಿ ಎಲ್ಲಾದರೂ ಇದೆಯಾ ನೋಡುತ್ತೇನೆ. ಇಲ್ಲದಿದ್ದರೆ ಅದು ಎಷ್ಟೇ ಮಾರಾಟವಾಗಿರಲಿ, 158ಕ್ಕೇ ಹೋಗಲಿ. ಸಾಯಬೇಕು ಅನ್ನಿಸುತ್ತಿರುವವರಿಗೆ, ಯಾರೂ ಇಲ್ಲದಿದ್ದರೂ ಧ್ವನಿ ಕೇಳುವವರಿಗೆ ಪುಸ್ತಕ ಕೊಟ್ಟು ಕಳಿಸುವಂತಿಲ್ಲ. ಅವರ ಜೊತೆ ಮನುಷ್ಯರೇ ಇರಬೇಕು, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆ ಕಪಾಟಿನ ಪ್ರತಿ ಪುಸ್ತಕದ ಒಳರಟ್ಟಿನ ಮೇಲೆ ಈ ನಂಬರಿನ ಮೊಹರು ಒತ್ತಲು ಒಂದು ರಬ್ಬರ್ ಸ್ಟಾಂಪ್ ಮಾಡಿಸಬೇಕು, ಅಷ್ಟೇ ಖರ್ಚು.

ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಸಮಿತಿಗಳಲ್ಲಿ ಒಬ್ಬ ಮನೋವೈದ್ಯರನ್ನು ಸೇರಿಸಿಕೊಳ್ಳಿ ಎಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ. ಅದು ಆಗುವವರೆಗೆ, ಈ ಪತ್ರ ಓದುವ ಗ್ರಂಥಪಾಲಕ ಗೆಳೆಯರು ರಿಜಿಸ್ಟರ್‌ನಲ್ಲಿ ಪುಸ್ತಕದ ಹೆಸರಿನ ಬದಲು ನಂಬರ್ ಬರೆಯಲು ನಾಳೆಯಿಂದಲೇ ಶುರು ಮಾಡಬಹುದು. ಅದಕ್ಕೆ ಯಾವ ಆದೇಶವೂ ಬೇಕಿಲ್ಲ.

– ನಿವೃತ್ತ ಗ್ರಂಥಪಾಲಕಿ, ತುಮಕೂರು ಜಿಲ್ಲೆ