ಗೋಳಗುಮ್ಮಟದ ಹತ್ತಿರ ಚೀಲ ಎತ್ತಿಟ್ಟ ಅಣ್ಣಾವ್ರಿಗೆ

ಕಳೆದ ಮಂಗಳವಾರ ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರ, ಮಳೆಯಲ್ಲಿ ನನ್ನ ಗಾಡಿಯಿಂದ ಚೀಲ ಬಿತ್ತು. ಅದನ್ನು ಎತ್ತಿ ಚಹಾದಂಗಡಿಯಲ್ಲಿ ಇಟ್ಟವರಿಗೆ ಈ ಬರಹ. ನಾನು ಹುಡುಕಿಕೊಂಡು ಬರುವಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ. ಹೆಸರೂ ಗೊತ್ತಾಗಲಿಲ್ಲ.

"ಕಸ ಅನ್ಕೊಂಡಿದ್ದೆ, ಆದ್ರ ಮ್ಯಾಲ ಏನೋ ಬರದಿತ್ತು" ಅಂದಿದ್ದಿರಂತೆ. ಚೀಲದಲ್ಲಿದ್ದವು ನಮ್ಮ ವಿಭಾಗದ ಹಳೆಯ ಮಾದರಿಗಳು, ಬೆಳೆಗೆ ರೋಗ ತರುವ ಶಿಲೀಂಧ್ರಗಳವು (ಬೂಷ್ಟಿನ ಜಾತಿಯವು). ಕಾಗದದ ಪೊಟ್ಟಣ, ಮೇಲೆ ಮಸುಕಾದ ಶಾಯಿಯಲ್ಲಿ ಬೆಳೆ, ತಾರೀಖು, ಊರು. ಊರಿನ ಹೆಸರು ಇನ್ನೂ 'ಬಿಜಾಪುರ'! ಒಳಗೆ ತುಕ್ಕು ರೋಗದ ಕಂದು ಚುಕ್ಕೆಗಳಿರುವ ಜೋಳದ ಎಲೆ. ಇನ್ನೊಂದರಲ್ಲಿ ಕಾಡಿಗೆ ರೋಗದ ತೆನೆ, ಕಾಳಿನ ಜಾಗದಲ್ಲೆಲ್ಲ ಕರಿ ಪುಡಿ. ಮುಟ್ಟಿದರೆ ಈಗಲೂ ಬೆರಳಿಗೆ ಅಂಟುತ್ತದೆ.

ಇವಕ್ಕೆ ತೇವ ತಾಗಿದರೆ ಮುಗೀತು, ಹಳೆ ಬೂಷ್ಟಿನ ಮೇಲೆ ಹೊಸ ಬೂಷ್ಟು. ಸುಮ್ನೆ ಒಣ ಎಲೆ ಅಲ್ವಾ ಅನ್ನಬೇಡಿ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಹಾಳುಮಾಡಿದ ರೋಗಾಣುವಿನ ತಳಿ 2013ರಲ್ಲಿ ಪತ್ತೆಯಾದದ್ದು ಇಂಥ ಒಣ ಎಲೆಗಳ ಡಿಎನ್‌ಎಯಿಂದಲೇ.

ನೀವು ಚೀಲವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಒಲೆಯಿಂದ ದೂರ ಇಡಿಸಿದ್ದಿರಿ. ಒಂದೇ ಪೊಟ್ಟಣದ ಅಂಚು ನೆನೆದಿತ್ತು, ಒಣಗಿಸಿದೆ. ತುಂಬಾ ಉಪಕಾರವಾಯಿತು, ಅಣ್ಣಾವ್ರೇ. ಆ ಅಂಗಡಿಯಲ್ಲಿ ನಿಮ್ಮ ಚಹಾದ ದುಡ್ಡು ಕೊಟ್ಟಿಟ್ಟಿದ್ದೇನೆ.