ಬ್ಯಾಟರಿ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಓದುಗರೊಬ್ಬರು, ‘ಕಾರಿನ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆ, ಏನು ಮಾಡಲಿ?’ ಎಂದು ಕೇಳಿದ್ದರು. ಉತ್ತರ ಒಂದೇ ಸಾಲಿನಲ್ಲಿತ್ತು: ‘ಹೊಸ ಬ್ಯಾಟರಿ ಹಾಕಿಸಿ.’ ನಾನು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಸತ್ತ ಬ್ಯಾಟರಿ ಬೇರೆ, ಚಾರ್ಜ್ ಇಳಿದ ಬ್ಯಾಟರಿ ಬೇರೆ. ಯಾಕೆ ಇಳಿಯಿತು ಎಂದು ನೋಡದೆ ಹೊಸದು ಹಾಕಿಸಿದರೆ ಅದೂ ಇಳಿಯುತ್ತದೆ. ಲಾಭ ಅಂಗಡಿಯವರಿಗೆ ಮಾತ್ರ.

ನಮ್ಮ ಓಣಿಯಲ್ಲಿ ಒಬ್ಬರು ನರ್ಸ್ ಇದ್ದಾರೆ. ರಾತ್ರಿ ಪಾಳಿ ಇದ್ದಾಗ ಕಾರಲ್ಲೇ ಆಸ್ಪತ್ರೆಗೆ ಹೋಗುತ್ತಾರೆ. ಸಣ್ಣ ಪೆಟ್ರೋಲ್ ಕಾರು. ರಜೆ ಮುಗಿಸಿ ಕೀ ತಿರುಗಿಸಿದರೆ ಕಟಕಟ ಸದ್ದು ಬಿಟ್ಟರೆ ಬೇರೇನಿಲ್ಲ. ಅಂಗಡಿಯವರು ‘ಬ್ಯಾಟರಿ ಹೋಗಿದೆ’ ಎಂದು ಹೊಸದು ಹಾಕಿ ಕಳಿಸಿದರು. ಸ್ವಲ್ಪ ಕಾಲ ಸರಿ ಇತ್ತು, ಆಮೇಲೆ ಅದೇ ಕತೆ. ಮತ್ತೆ ಹೋಗಿ ಕೇಳಿದರೆ, ‘ನೀವು ಗಾಡಿ ಓಡಿಸೋದೇ ಕಡಿಮೆ ಮೇಡಂ, ಇನ್ನೂ ದೊಡ್ಡದು ಹಾಕಿಸಿಬಿಡಿ’ ಎಂದರಂತೆ. ಎರಡು ಸಲವೂ ಯಾರೂ ವೋಲ್ಟೇಜ್, ಕರೆಂಟ್ ಅಳೆಯುವ ಮೀಟರ್ (ಮಲ್ಟಿಮೀಟರ್) ಮುಟ್ಟಲಿಲ್ಲ. ‘ಅಂಕಲ್, ಒಂಚೂರು ನೋಡ್ತೀರಾ?’ ಎಂದು ಆಮೇಲೆ ನನ್ನ ಹತ್ತಿರ ಬಂದರು.

ಮೊದಲು ಕಣ್ಣಲ್ಲಿ ನೋಡುವುದು. ಟರ್ಮಿನಲ್ ಸಡಿಲ ಇದೆಯಾ, ಬಿಳಿ-ಹಸಿರು ಪುಡಿ ಕಟ್ಟಿದೆಯಾ, ಕಾರಿನ ಲೋಹದ ಮೈಗೆ ಹೋಗುವ ಅರ್ತ್ ವೈರ್ ತುಕ್ಕು ಹಿಡಿದಿದೆಯಾ. ಎಷ್ಟೋ ‘ಸತ್ತ’ ಬ್ಯಾಟರಿಗಳು ಬಿಸಿನೀರು ಮತ್ತು ಸ್ಪ್ಯಾನರಿನಿಂದಲೇ ಎದ್ದು ಕೂರುತ್ತವೆ. ಇವರದ್ದು ಚೊಕ್ಕಟವಾಗಿತ್ತು.

ಆಮೇಲೆ ವೋಲ್ಟೇಜ್. ಗಾಡಿ ಆಫ್ ಮಾಡಿ ಕೆಲವು ಗಂಟೆ ಬಿಟ್ಟು ನೋಡಬೇಕು. ಓಡಿಸಿದ ಕೂಡಲೇ ನೋಡಿದರೆ ಮೀಟರ್ ಸುಳ್ಳು ಹೇಳುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಪೂರ್ತಿ ಖಾಲಿ. ಇವರದ್ದು 11.8. ಮನೆಗೆ ತಂದು ರಾತ್ರಿಯೆಲ್ಲ ಸಣ್ಣ ಚಾರ್ಜರಿಗೆ ಹಾಕಿದೆ. ಆಮೇಲೆ ಕಾರಿಗೆ ಜೋಡಿಸದೆ ಹಾಗೇ ಇಟ್ಟೆ. ಮರುದಿನವೂ 12.6ರಿಂದ ಕದಲಲಿಲ್ಲ. ಅಂದರೆ ಬ್ಯಾಟರಿಯಲ್ಲಿ ದೋಷ ಇಲ್ಲ, ಕಾರು ಅದನ್ನು ಕುಡಿಯುತ್ತಿದೆ.

ಮೀಟರ್ ಇಲ್ಲದವರೂ ಇದನ್ನು ಪರೀಕ್ಷಿಸಬಹುದು. ಗಾಡಿ ಎಷ್ಟು ದಿನ ನಿಂತರೆ ಡೌನ್ ಆಗುತ್ತದೋ ಅಷ್ಟು ದಿನ, ಚಾರ್ಜ್ ಆದ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ಆಮೇಲೆ ಜೋಡಿಸಿದಾಗ ಗಾಡಿ ಸಲೀಸಾಗಿ ಸ್ಟಾರ್ಟ್ ಆದರೆ ಅನುಮಾನ ವೈರಿಂಗ್ ಮೇಲೆ. ಬಿಚ್ಚಿಟ್ಟರೂ ಇಳಿದರೆ ಬ್ಯಾಟರಿ ಮೇಲೆ. ಗಡಿಯಾರ, ರೇಡಿಯೊ ಸೆಟ್ಟಿಂಗ್ ಅಳಿಸಿಹೋಗಬಹುದು, ಅಷ್ಟೆ.

ಡಿಪೋದಲ್ಲಿ ನಾವು ಹೈಡ್ರೋಮೀಟರ್ (ಬ್ಯಾಟರಿಯೊಳಗಿನ ಆಸಿಡ್‌ನ ಸಾಂದ್ರತೆ ಅಳೆಯುವ ಸಾಧನ) ಇಲ್ಲದೆ ಬ್ಯಾಟರಿಯ ಬಗ್ಗೆ ತೀರ್ಪು ಹೇಳುತ್ತಿರಲಿಲ್ಲ. ಬಸ್ಸಿನದ್ದು 24 ವೋಲ್ಟ್, ಎರಡು ಬ್ಯಾಟರಿ, ಒಂದೊಂದರಲ್ಲಿ ಆರು ಸೆಲ್, ಅಂದರೆ ಆರು ಖಾನೆ. ಪ್ರತಿ ಸೆಲ್‌ನ ಗ್ರಾವಿಟಿ, ಅಂದರೆ ಆ ಸಾಂದ್ರತೆ, ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಐದು ಸೆಲ್ 1.250 ತೋರಿಸಿ ಒಂದು ಮಾತ್ರ 1.150ಕ್ಕೆ ಇಳಿದಿದ್ದರೆ, ಆ ಸೆಲ್ ಹೋಗಿದೆ ಎಂದು ಧೈರ್ಯವಾಗಿ ಹೇಳಬಹುದಿತ್ತು. ಈಗಿನ ಸೀಲ್ ಆದ ಬ್ಯಾಟರಿಯಲ್ಲಿ ಮುಚ್ಚಳ ಬಿಚ್ಚುವ ಹಾಗಿಲ್ಲ. ಮೇಲೆ ಚಾರ್ಜ್ ತೋರಿಸುವ ಹಸಿರು ಕಣ್ಣು ಇರುತ್ತದಲ್ವಾ, ಅದನ್ನು ನಂಬಿ ಕೂರಬೇಡಿ. ಅದು ನೋಡುವುದು ಆರರಲ್ಲಿ ಒಂದೇ ಸೆಲ್ಲನ್ನು.

ಮುಂದಿನದು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ನಮ್ಮ ಕಡೆ ಈಗಲೂ ಡೈನಮೋ ಎನ್ನುತ್ತಾರೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಎ.ಸಿ. ಹಾಕಿದರೂ ತೀರಾ ಕುಸಿಯಬಾರದು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಸಿ ಇಳಿಸಿ ಮಾಡುತ್ತದೆ. ಅಲ್ಲಿ ಒಮ್ಮೆ ಕಡಿಮೆ ತೋರಿಸಿತು ಎಂದು ಡೈನಮೋ ಬಿಚ್ಚಲು ಹೋಗಬೇಡಿ. ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ‘ನೋಡಿ, ಗಾಡಿ ಆಫ್ ಆಗಲಿಲ್ಲ, ಡೈನಮೋ ಸರಿ ಇದೆ’ ಎನ್ನುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಹಳೆಯ ಗಾಡಿಗೆ ಅದು ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಡಬಹುದು. ಯಾರಾದರೂ ಹಾಗೆ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ನರ್ಸಮ್ಮನ ಕಾರಿನಲ್ಲಿ ಚಾರ್ಜಿಂಗ್ 14.2 ಇತ್ತು. ಉಳಿದದ್ದು ಸೋರಿಕೆ. ಗಾಡಿ ಆಫ್ ಮಾಡಿ ಲಾಕ್ ಹಾಕಿದ ಮೇಲೂ ಗಡಿಯಾರ, ಅಲಾರಾಂ, ಇಸಿಯು ನೆನಪಿಗೆ ಚೂರು ಕರೆಂಟ್ ಬೇಕು. ಸಾಮಾನ್ಯವಾಗಿ 50 ಮಿಲಿ ಆಂಪಿಯರ್ (0.05 ಆಂಪಿಯರ್) ಒಳಗೇ ಇರುತ್ತದೆ. ನೋಡುವುದು ಹೀಗೆ: ನೆಗೆಟಿವ್ ತಂತಿ ಬಿಚ್ಚಿ, ಮೀಟರಿನ ಕೆಂಪು ವೈರನ್ನು ಅದರ 10 ಆಂಪಿಯರ್ ತೂತಿಗೆ ಹಾಕಿ, ತಂತಿಗೂ ಟರ್ಮಿನಲ್‌ಗೂ ನಡುವೆ ಮೀಟರ್ ಜೋಡಿಸುವುದು. ಬಾಗಿಲು ಮುಚ್ಚಿ ಅರ್ಧ ಗಂಟೆಯಾದರೂ ಕಾಯಬೇಕು. ಕಾರಿನ ಕಂಪ್ಯೂಟರ್‌ಗಳು ನಿದ್ದೆಗೆ ಜಾರುವವರೆಗೆ ಮೀಟರ್ ಜಾಸ್ತಿಯೇ ತೋರಿಸುತ್ತದೆ. ಅವಸರದವರು ಇಲ್ಲೇ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಮೀಟರ್ ಜೋಡಿಸಿಕೊಂಡು ಮಾತ್ರ ಸೆಲ್ಫ್ ಹೊಡೆಯಬೇಡಿ. ಸ್ಟಾರ್ಟರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ.

ಮೀಟರ್ 0.42 ಆಂಪಿಯರ್‌ಗೆ ನಿಂತಿತು. ಲೆಕ್ಕ ಹಾಕಿ: 24 ಗಂಟೆ ಹೀಗೇ ಹರಿದರೆ ದಿನಕ್ಕೆ ಹತ್ತು ಆಂಪಿಯರ್-ಅವರ್. ಅವರ ಬ್ಯಾಟರಿ 35 ಆಂಪಿಯರ್-ಅವರ್‌ನದ್ದು. ಎರಡು ದಿನ ನಿಲ್ಲಿಸಿದರೆ ಅರ್ಧಕ್ಕಿಂತ ಜಾಸ್ತಿ ಖಾಲಿ, ಮೂರನೇ ದಿನ ಸೆಲ್ಫ್ ಎತ್ತುವುದಿಲ್ಲ. ಅಂಗಡಿಯವರು ಹೇಳಿದ ಹಾಗೆ 45ರದ್ದು ಹಾಕಿಸಿದ್ದರೆ ಇನ್ನೊಂದು ದಿನ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ. ತೂತಾದ ಕೊಡದ ಬದಲು, ತೂತಿರುವ ಇನ್ನೂ ದೊಡ್ಡ ಕೊಡ ತಂದ ಹಾಗೆ.

ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋದೆ. ಸ್ಟೀರಿಯೊ ಫ್ಯೂಸ್ ತೆಗೆದಾಗ ಮೀಟರ್ ಧಡಕ್ಕನೆ ಇಳಿಯಿತು. ಹಿಂದೆ ಯಾರೋ ಹೊಸ ಸ್ಟೀರಿಯೊ, ಆಂಪ್ಲಿಫೈಯರ್ ಹಾಕಿಕೊಟ್ಟಿದ್ದರಂತೆ. ಯಾವಾಗಲೂ ಕರೆಂಟ್ ಇರುವ ಹಳದಿ ತಂತಿಗೂ, ಕೀ ಹಾಕಿದಾಗ ಮಾತ್ರ ಬರಬೇಕಾದ ಕೆಂಪು ತಂತಿಗೂ ಒಂದೇ ಗಂಟು ಹಾಕಿ ಟೇಪ್ ಸುತ್ತಿದ್ದರು. ಹಾಡು ನಿಂತರೂ ಆಂಪ್ಲಿಫೈಯರ್ ಎಚ್ಚರವಾಗಿಯೇ ಇತ್ತು. ತಂತಿ ಬೇರೆ ಮಾಡಿದ ಮೇಲೆ ಮೀಟರ್ 0.02ಕ್ಕೆ ಬಂತು. ಅದೇ ಬ್ಯಾಟರಿಯಲ್ಲೇ ಈಗಲೂ ಕಾರು ಓಡುತ್ತಿದೆ.

ಎಲ್ಲರ ಕಾರಿನಲ್ಲೂ ಸ್ಟೀರಿಯೊನೇ ಕಳ್ಳ ಎಂದಲ್ಲ. ಡಿಕ್ಕಿಯೊಳಗಿನ ಐದು ವಾಟ್ ಬಲ್ಬ್ ಆರದೇ ಉಳಿದರೂ ಸಾಕು, ಹೆಚ್ಚುಕಡಿಮೆ ಇಷ್ಟೇ ಎಳೆಯುತ್ತದೆ. ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗೆ ಇಟ್ಟು ಮುಚ್ಚಿ ನೋಡಿ, ಗೊತ್ತಾಗುತ್ತದೆ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಅಂಟಿಕೊಂಡ ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್), ಕೆಟ್ಟ ಡೈನಮೋ ಡಯೋಡ್, ಇವೆಲ್ಲ ಹೀಗೆ ಕುಡಿಯುವ ಗಿರಾಕಿಗಳೇ. ಫಾಸ್ಟ್ಯಾಗ್ ಬ್ಯಾಟರಿ ತಿನ್ನುತ್ತದಾ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಇಲ್ಲ ಸ್ವಾಮಿ, ಅದಕ್ಕೂ ಕಾರಿನ ವೈರಿಂಗ್‌ಗೂ ಸಂಬಂಧವೇ ಇಲ್ಲ.

ಕಡಿಮೆ ಓಡಿಸಿದರೆ ಚಾರ್ಜ್ ಸಾಲದು ಎಂಬ ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೆ ಮನೆ ಮುಂದೆ ಹತ್ತು ನಿಮಿಷ ಎಂಜಿನ್ ಆನ್ ಮಾಡಿ ನಿಲ್ಲಿಸುವುದು ಪರಿಹಾರವಲ್ಲ. ಐಡ್ಲಿಂಗಿನಲ್ಲಿ ಸಿಗುವ ಚಾರ್ಜ್ ಅಷ್ಟಕ್ಕಷ್ಟೆ. ವಾರಕ್ಕೊಮ್ಮೆ ದಾವಣಗೆರೆಯಿಂದ ಹರಿಹರದವರೆಗೆ ಹೋಗಿ ಬನ್ನಿ, ಅದು ಮೇಲು. ಬ್ಯಾಟರಿಗಳು ನಿಜವಾಗಿ ಸಾಯುವುದೂ ಉಂಟು. ನಮ್ಮ ಬಿಸಿಲಿಗೆ ಮೂರು, ನಾಲ್ಕು ವರ್ಷ ಬಾಳಿದರೆ ದೂರುವ ಹಾಗಿಲ್ಲ. ಮತ್ತೆ ಮತ್ತೆ ಪೂರ್ತಿ ಇಳಿಯಲು ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಹೊಸದೂ ಕೆಡುತ್ತದೆ. ಸೋರಿಕೆಯನ್ನು ಬೇಗ ಹಿಡಿಯಬೇಕು ಎನ್ನುವುದು ಇದಕ್ಕೇ.

ನನಗೆ ಬೇಜಾರಾದದ್ದು ನರ್ಸಮ್ಮನ ಹಳೆಯ ಬ್ಯಾಟರಿ ವಿಷಯದಲ್ಲಿ. ಅದು ಚೆನ್ನಾಗಿಯೇ ಇದ್ದಿರಬೇಕು. ‘ಎಕ್ಸ್‌ಚೇಂಜ್’ ಎಂದು ಗುಜರಿ ಬೆಲೆ ಕಳೆದು ಅಂಗಡಿಯವರು ಇಟ್ಟುಕೊಂಡರು. ಕರಗಿಸಲು ಕಳಿಸಿದರೋ, ಚಾರ್ಜ್ ಹಾಕಿ ಇನ್ನೊಬ್ಬರಿಗೆ ಮಾರಿದರೋ, ದೇವರೇ ಬಲ್ಲ.

ಬ್ಯಾಟರಿ ಅಂಗಡಿಯವರಲ್ಲಿ ಒಂದು ಮನವಿ. ಹೊಸದು ಮಾರುವ ಮೊದಲು ಮೂರು ಅಂಕಿ ಬಿಲ್ಲಿನ ಮೇಲೆ ಬರೆದುಕೊಡಿ: ಗಾಡಿ ನಿಂತಾಗ ಎಷ್ಟು ವೋಲ್ಟ್, ಎಂಜಿನ್ ಓಡುವಾಗ ಎಷ್ಟು, ಲಾಕ್ ಮಾಡಿ ಬಿಟ್ಟಾಗ ಎಷ್ಟು ಕರೆಂಟ್ ಸೋರುತ್ತದೆ. ನಿಯತ್ತಿನ ಅಂಗಡಿಯವರಿಗೆ ಇದು ಕಷ್ಟವೇನಲ್ಲ. ಗಿರಾಕಿಗಳೂ ಬಾಯಿಬಿಟ್ಟು ಕೇಳಬೇಕು. ಬಿಲ್ಲೇ ಕೊಡುವುದಿಲ್ಲ ಎಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದೂ ಅನುಚಿತ ವ್ಯಾಪಾರವೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

– ನಿವೃತ್ತ ಡಿಪೋ ಎಲೆಕ್ಟ್ರಿಷಿಯನ್, ದಾವಣಗೆರೆ