ಚಿಲ್ಲರೆ ಕಾಸಿನ ಲೆಕ್ಕ

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ನೀನು ನಗುತ್ತಾ ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ. "ಚರ್ಚಿನ ಹೆಂಗಸರು ಡಬ್ಬಿಗೆ ಹಾಕುವ ಚಿಲ್ಲರೆಯಿಂದ ದೂರದೇಶದ ಯಾವ ಹುಡುಗಿಗೆ ಏನಾದೀತು? ಅಂಚೆ ಖರ್ಚಿಗೂ ಸಾಲದು" ಅಂದೆ. ಆಗ ತಟ್ಟನೆ ಉತ್ತರ ಹೊಳೆಯಲಿಲ್ಲ. ಹನಿಗೂಡಿದರೆ ಹಳ್ಳ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅದು ಅರ್ಧ ಮಾತು ಮಾತ್ರ.

1869ರ ಮಾರ್ಚ್ ತಿಂಗಳು. ಅಮೆರಿಕದ ಬಾಸ್ಟನ್‌ನಲ್ಲಿ ಜೋರು ಮಳೆ. ಮೆಥೋಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಚರ್ಚಿನ ಹೆಂಗಸರ ಕೂಟಕ್ಕೆ ಬಂದವರು ಎಂಟೇ ಜನ. ಅವರಲ್ಲಿ ಲೋಯಿಸ್ ಪಾರ್ಕರ್ ಮತ್ತು ಕ್ಲೆಮೆಂಟಿನಾ ಬಟ್ಲರ್ ಭಾರತದಲ್ಲಿ ಇದ್ದು ಬಂದವರು. ಪರದೆಯೊಳಗಿರುವ ಹೆಂಗಸರಿಗೆ ಕಾಯಿಲೆಯಾದರೆ ಗಂಡಸು ಡಾಕ್ಟರು ಮುಟ್ಟಿ ನೋಡುವಂತಿಲ್ಲ, ಅಲ್ಲಿಯ ಹುಡುಗಿಯರಿಗೆ ಪಾಠ ಹೇಳಬೇಕಾದರೂ ಹೆಂಗಸೇ ಬೇಕು ಎನ್ನುವುದು ಅವರು ಕಣ್ಣಾರೆ ಕಂಡ ವಿಷಯ. ಆವತ್ತೇ ಒಂದು ಸಂಘ ಹುಟ್ಟಿತು. ಚಂದಾ ಎಷ್ಟು ಗೊತ್ತಾ? ವಾರಕ್ಕೆ ಎರಡು ಸೆಂಟು, ಜೊತೆಗೊಂದು ಪ್ರಾರ್ಥನೆ.

ಇಲ್ಲೊಂದು ಮಜಾ ಇದೆ. ಹೆಂಗಸರು ಬೇರೆಯಾಗಿ ಹಣ ಎತ್ತಿದರೆ ತಮ್ಮ ಕಾಣಿಕೆ ಕಡಿಮೆಯಾದೀತು ಎಂದು ದೊಡ್ಡ ಮಿಷನ್ ಮಂಡಳಿಯ ಗಂಡಸರಿಗೆ ಹೆದರಿಕೆ. ಹಾಗಾಗಿ ಚರ್ಚಿನ ಆರಾಧನೆಯ ಹೊತ್ತಿನಲ್ಲಿ ಈ ಸಂಘ ಕಾಣಿಕೆ ಎತ್ತಬಾರದು ಎಂದು ನಿಯಮವೇ ಬಂತು. ಉಳಿದದ್ದು ಮನೆಯ ಕೈಖರ್ಚಿನ ದುಡ್ಡು, ಅಷ್ಟೇ. ಮೊದಲ ಟೀಚರನ್ನು ಕಳಿಸಲು ಹಣ ಸಾಲದೆ ಬಂದಾಗ ಒಬ್ಬಾಕೆ, ಬೇಕಾದರೆ ನಾವು ಅಗ್ಗದ ಹತ್ತಿಬಟ್ಟೆ ತೊಟ್ಟು ಬಾಸ್ಟನ್ ಬೀದಿಯಲ್ಲಿ ಓಡಾಡೋಣ, ಆದರೆ ಅವಳನ್ನು ಕಳಿಸೋಣ ಎಂದಳಂತೆ.

ಕಳಿಸಿದರು. ಇಸಬೆಲ್ಲಾ ಥೋಬರ್ನ್ 1870ರಲ್ಲಿ ಲಖನೌದ ಬಜಾರಿನ ಒಂದು ಕೋಣೆಯಲ್ಲಿ ಆರು ಹುಡುಗಿಯರಿಗೆ ಪಾಠ ಶುರುಮಾಡಿದರು. ಅದೇ ಬೆಳೆದು ಇವತ್ತಿನ ಇಸಬೆಲ್ಲಾ ಥೋಬರ್ನ್ ಕಾಲೇಜು ಆಯಿತು. ಅವರ ಜೊತೆಗೇ ಬಂದ ಡಾಕ್ಟರ್ ಕ್ಲಾರಾ ಸ್ವೇನ್ ಬರೇಲಿಯಲ್ಲಿ ಕೆಲಸ ಹಿಡಿದರು. ರಾಮಪುರದ ನವಾಬರು ಜಾಗ ಕೊಟ್ಟರು. 1874ರಲ್ಲಿ ಹೆಂಗಸರಿಗೆಂದೇ ಆಸ್ಪತ್ರೆ ತೆರೆಯಿತು. ಅದೇ ಸಂಘದ ಮೇರಿ ಸ್ಕ್ರಾಂಟನ್ 1886ರಲ್ಲಿ ಕೊರಿಯಾದ ಸೋಲ್‌ನಲ್ಲಿ ಶಾಲೆ ತೆಗೆದಾಗ ಬಂದ ವಿದ್ಯಾರ್ಥಿನಿ ಒಬ್ಬಳೇ. ಈಗ ಅದು ಇಹ್ವಾ ಮಹಿಳಾ ವಿಶ್ವವಿದ್ಯಾಲಯ. ಬಾಸ್ಟನ್ನಿನ ಆ ಸಂಘದ ಮೊಮ್ಮಗಳು ಎನ್ನಬಹುದಾದ ಸಂಘಟನೆಗೆ 2022ರಿಂದ ಯುನೈಟೆಡ್ ವಿಮೆನ್ ಇನ್ ಫೇತ್ ಎಂಬ ಹೆಸರಿದೆ. ಹೆಂಗಸರು, ಮಕ್ಕಳು, ಯುವಜನರ ಕೆಲಸಕ್ಕೆಂದೇ ಇವತ್ತಿಗೂ ಕಾಣಿಕೆ ಕೂಡಿಸುತ್ತಾರೆ.

ಎಲ್ಲಾ ಚೆಂದ ಎಂದು ನಾನು ಹೇಳುತ್ತಿಲ್ಲ. ಮತಾಂತರದ ಆಸೆ ಅದರೊಳಗೆ ಇದ್ದೇ ಇತ್ತು. ಆ ಕಾಲದ ಮಿಷನರಿ ಬರಹಗಳಲ್ಲಿ ಇಲ್ಲಿನ ಹೆಂಗಸರು 'ಅಯ್ಯೋ ಪಾಪ' ಎನ್ನುವುದಕ್ಕೇ ಹುಟ್ಟಿದವರ ಹಾಗೆ ಕಾಣುತ್ತಾರೆ. ಓದಿದರೆ ಮೈ ಉರಿಯುತ್ತದೆ. ಇನ್ನು ಹಣ ಕೂಡಿಸಿದವರ ಕಥೆಯೂ ಅಷ್ಟೇನೂ ಸುಖದ್ದಲ್ಲ. ಅಮೆರಿಕದ ಪ್ರೆಸ್ಬಿಟೇರಿಯನ್ ಎಂಬ ಇನ್ನೊಂದು ಪಂಗಡದ ಹೆಂಗಸರು ವರ್ಷಗಟ್ಟಲೆ ಬೆಳೆಸಿದ ಮಂಡಳಿಗಳನ್ನು 1923ರಲ್ಲಿ ದೊಡ್ಡ ಮಂಡಳಿಗಳೊಳಗೆ ಸೇರಿಸಿಬಿಟ್ಟರು. ಅವರನ್ನು ಸರಿಯಾಗಿ ಒಂದು ಮಾತು ಕೇಳಲಿಲ್ಲ. ದುಡ್ಡು ಇವರದ್ದು, ಯಜಮಾನಿಕೆ ಬೇರೆಯವರದ್ದು. ಎಲ್ಲೋ ಕೇಳಿದ ಹಾಗಿದೆ, ಅಲ್ವಾ?

ಅದಕ್ಕೇ ನನಗೆ ಶಾಂತಿ ಸಾಲೋಮನ್ ಜಾಸ್ತಿ ಇಷ್ಟ. ಭಾರತದ ಹೆಂಗಸು. 1956ರಲ್ಲಿ ಬೇರೆ ಬೇರೆ ದೇಶದ ಕೆಲವು ಹೆಂಗಸರ ತಂಡದ ಜೊತೆ ಏಷ್ಯಾದ ದೇಶಗಳಿಗೆ ಹೊರಟಿದ್ದರು. ಯುದ್ಧಗಳ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಕೊರಿಯಾಕ್ಕೆ ಹೋಗಲು ಇವರಿಗೆ ಮಾತ್ರ ವೀಸಾ ಸಿಗಲಿಲ್ಲ. ಉಳಿದವರು ಹೋದರು, ಇವರು ಮನಿಲಾದಲ್ಲಿ ಕಾಯುತ್ತಾ ಉಳಿದರು. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದರು (ನಾನಂತೂ ಹೌದು). ಇವರು ಕೂತು ಯೋಚಿಸಿದರು. ಮನುಷ್ಯರನ್ನು ಗಡಿಯಲ್ಲಿ ತಡೆಯಬಹುದು, ಪ್ರಾರ್ಥನೆಯನ್ನು ತಡೆಯುವುದು ಹೇಗೆ? ತಂಡ ಹಿಂತಿರುಗಿದಾಗ ಒಂದು ಸಲಹೆ ಮುಂದಿಟ್ಟರು. ಶಾಂತಿಗಾಗಿ, ಮುರಿದ ಮನಸ್ಸುಗಳು ಕೂಡಲೆಂದು ಪ್ರಾರ್ಥಿಸುವಾಗೆಲ್ಲ ಪ್ರತಿಯೊಬ್ಬ ಹೆಂಗಸು ತನ್ನ ದೇಶದ ಅತಿ ಚಿಕ್ಕ ನಾಣ್ಯವನ್ನು ತೆಗೆದಿಡಲಿ. 'ಫೆಲೋಶಿಪ್ ಆಫ್ ದ ಲೀಸ್ಟ್ ಕಾಯಿನ್', ಅಂದರೆ ಅತಿ ಚಿಕ್ಕ ನಾಣ್ಯದ ಬಳಗ, ಹುಟ್ಟಿದ್ದು ಹೀಗೆ.

ಅತಿ ಚಿಕ್ಕ ನಾಣ್ಯ. ನನ್ನನ್ನು ಹಿಡಿದು ನಿಲ್ಲಿಸುವುದು ಈ ನಿಯಮ. ಬೈಬಲಿನ ಬಡ ವಿಧವೆ ತನ್ನಲ್ಲಿದ್ದ ಎರಡು ಕಾಸನ್ನೂ ಕೊಟ್ಟುಬಿಟ್ಟಳು. ಇಲ್ಲಿ ಕೇಳುವುದು ಅದನ್ನಲ್ಲ. ಇಲ್ಲಿ ಶ್ರೀಮಂತೆಗೂ ಅಷ್ಟೇ, ಕೂಲಿಯವಳಿಗೂ ಅಷ್ಟೇ. ದೊಡ್ಡ ನೋಟು ಹಾಕಿ ಮುಂದಿನ ಸಾಲಿನಲ್ಲಿ ಕೂರುವ ಹಾಗಿಲ್ಲ. ಇನ್ನೂ ಮುಖ್ಯವಾದದ್ದೇನೆಂದರೆ, ಪಡೆಯುವವಳೂ ಕೊಡಬಹುದು. ಯಾವ ಊರಿನ ಹೆಂಗಸರ ಕೆಲಸಕ್ಕೆ ಈ ಹಣ ಹೋಗುತ್ತದೋ, ಆ ಊರಿನ ಹೆಂಗಸರ ನಾಣ್ಯವೂ ಅದೇ ರಾಶಿಯಲ್ಲಿ ಬಿದ್ದಿರಬಹುದು. ಬಾಸ್ಟನ್ನಿನ ಎರಡು ಸೆಂಟು ಹೊರಟಿದ್ದು ಒಂದೇ ದಿಕ್ಕಿಗೆ. ಶಾಂತಿಯವರ ಕಾಸು ಎಲ್ಲ ಕಡೆಯಿಂದಲೂ ಬರುತ್ತದೆ, ಎಲ್ಲ ಕಡೆಗೂ ಹೋಗುತ್ತದೆ. ಅದನ್ನು ಹಂಚಲು ಒಂದು ಅಂತಾರಾಷ್ಟ್ರೀಯ ಸಮಿತಿಯೇ ಇದೆ.

ಅಂಚೆ ಖರ್ಚಿಗೂ ಸಾಲದು ಅಂದೆಯಲ್ಲ. ಒಂದು ಕಾಸಿಗೆ ನಿನ್ನ ಲೆಕ್ಕ ಸರಿ, ಮಾರಾಯ. ಆದರೆ ಸಾಲದಷ್ಟು ಚಿಕ್ಕದನ್ನೇ ಕೊಡಿ ಎಂದು ಬೇಕೆಂದೇ ಕೇಳಿದವರಿಗೆ ನೀನು ಏನು ಹೇಳುತ್ತೀಯ? ನೀನು ಪ್ರಾರ್ಥನೆ ಮಾಡುವವನಲ್ಲ, ಗೊತ್ತು. ಆ ಜಗಳ ಬೇರೆ, ಅದನ್ನು ಸಿಕ್ಕಾಗ ಮುಂದುವರಿಸೋಣ. ಈ ಪತ್ರಕ್ಕೆ ಮಾತ್ರ ಉತ್ತರ ಬರಿ. ಸುಮ್ನೆ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ತಪ್ಪಿಸಿಕೊಳ್ಳಬೇಡ.

ಇಂತಿ,
ನಿನ್ನ ಗೆಳತಿ